ಖಾಲಿ ಕೊಡ

ಗಂಡ ಬದುಕಿದ್ದಷ್ಟು ದಿನ ದಾಕ್ಷಾಯಣಮ್ಮ ಸಂಜೆಯಾಯಿತೆಂದರೆ ಅಡುಗೆಮನೆ ಸೇರಿ ಬಾಗಿಲು ಮುಂದಕ್ಕೆ ಎಳೆದುಕೊಳ್ಳಬೇಕಾಗಿತ್ತು. ಅದು ಗಂಡ ಏಕಾಂತಪ್ಪ ಇಸ್ಪೀಟಾಡಲು ಹೊರಡುವ ಹೊತ್ತು. ಹೊರಡುವಾಗ ಹೆಂಡತಿಯ ಮುಖ ಕಣ್ಣಿಗೆ ಬಿದ್ದರೆ ಆಟ ಕೆಡುತ್ತದೆ, ಬಾಯಿಬಿಟ್ಟು ಎಲ್ಲಿಗೆ ಎಂದು ಕೇಳಿದರಂತೂ ಮುಗಿದೇ ಹೋಯಿತು. ಒಂದು ಸಲ ಮರೆತು ಕೇಳಿಬಿಟ್ಟಿದ್ದಳು. ಅವನು ಅಲ್ಲೇ ಚಪ್ಪಲಿ ಬಿಟ್ಟು, ಒಳಗೆ ಬಂದು ಕೂತು, ನೀರು ಕುಡಿದು, ಹೊಸದಾಗಿ ಹೊರಟವನಂತೆ ಮತ್ತೆ ಚಪ್ಪಲಿ ಮೆಟ್ಟಿಕೊಂಡು ಹೋದ. ಅಷ್ಟು ಮಾಡಿಯೂ ಸೋತು ಬಂದ. "ನಿನ್ನ ಮಾರಿ ನೋಡಿ ಹೋಗಿದ್ನಲ್ಲ, ಇನ್ನೇನಾಗತೈತಿ!" ಎಂದು ಬಡಿಸಿದ ತಟ್ಟೆಯನ್ನು ಎತ್ತಿ ಒಗೆದ. ಗೆದ್ದ ದಿನ ಮಾತ್ರ ಅವಳ ಮುಖದ ಸುದ್ದಿಯೇ ಇರುತ್ತಿರಲಿಲ್ಲ. ಗೆದ್ದರೆ ಅದು ಅವನ ಬೂದು ಬಣ್ಣದ ಅಂಗಿಯ ಪುಣ್ಯ. ಆ ಅಂಗಿಯನ್ನು ಒಗೆಯಲು ಕೊಡುತ್ತಿರಲಿಲ್ಲ, ಒಗೆದರೆ ಅದೃಷ್ಟ ನೀರಿನ ಜೊತೆ ಬಚ್ಚಲಿಗೆ ಹೋಗುತ್ತದಂತೆ. ಬೆವರು ನಾರುವ ಆ ಅಂಗಿಗಿದ್ದ ಮರ್ಯಾದೆ ಕಟ್ಟಿಕೊಂಡ ಹೆಂಡತಿಗೆ ಇರಲಿಲ್ಲ.

ಆ ಏಕಾಂತಪ್ಪ ಕಾಮಾಲೆಯಾಗಿ ಸತ್ತ. ಬೇರು ತೇಯ್ದು ಕುಡಿಸುವವರ ಮನೆ ಬಾಗಿಲೆಲ್ಲ ತಿರುಗಿ, ಕಡೆಗೆ ದಾವಣಗೆರೆ ಆಸ್ಪತ್ರೆಗೆ ಹೊರಟಾಗ ದಾರಿಯಲ್ಲೇ ಕಣ್ಣು ಮೇಲೆ ಮಾಡಿದ. ಬಿಟ್ಟು ಹೋದದ್ದು ಕೊಟ್ಟೂರಿನ ಹಳೇ ಪೇಟೆಯ ಸಣ್ಣ ಮಾಳಿಗೆ ಮನೆ, ಆಗಿನ್ನೂ ಕಾಲೇಜಿಗೆ ಹೋಗುತ್ತಿದ್ದ ಮಗಳು ವಾಣಿಶ್ರೀ, ಮತ್ತೆ ಆ ಅಂಗಿ. ಅಂಗಿಯನ್ನು ದಾಕ್ಷಾಯಣಮ್ಮ ನೀರೊಲೆಗೆ ಹಾಕಿದಳು. ಅದು ಉರಿದು ಕಾದ ನೀರಿನಲ್ಲೇ ತಲೆ ತೊಳೆದುಕೊಂಡಳು.

ಅಲ್ಲಿಂದ ಮುಂದೆ ಊರು ಅವಳಿಗೆ ಬಾಗಿಲು ಹಾಕಲು ಶುರು ಮಾಡಿತು. ಹಾಲಿಗೆ ಹೋದರೆ ಹಾಲಿನವಳು, "ನೀ ಯಾಕ ಬಂದಿ, ಹುಡುಗೀನ ಕಳಸಬಾರದಾ?" ಅನ್ನುವಳು. ಮದುವೆಗೆ ಕರೆಯಲು ಬಂದವರು ಅವಳನ್ನು ದಾಟಿ ಮಗಳ ಕೈಗೆ ಕಾರ್ಡು ಕೊಟ್ಟು "ನೀ ಬಾರವ್ವ" ಎಂದು ಹೇಳಿ ಹೋಗುವರು. ಶ್ರಾವಣ ಬಂತೆಂದರೆ ಮಠದಲ್ಲಿ ಐನೋರು ಪ್ರವಚನ ಹೇಳುತ್ತಿದ್ದರು: ಶರಣರ ಧರ್ಮದಲ್ಲಿ ಸೂತಕ ಇಲ್ಲ, ಶಕುನ ಇಲ್ಲ, ಗಂಡ ಸತ್ತವಳು ಕೆಟ್ಟವಳಲ್ಲ. ಹೆಂಗಸರೆಲ್ಲ ತಲೆದೂಗಿ ಕೇಳುತ್ತಿದ್ದರು. ಕೇಳಿ ಹೊರಗೆ ಬಂದವರು ದಾಕ್ಷಾಯಣಮ್ಮ ಮೊದಲು ಮುಂದೆ ಹೋಗಲಿ ಎಂದು ಗೋಡೆಗೆ ಸರಿದು ನಿಂತುಕೊಳ್ಳುತ್ತಿದ್ದರು. ಐನೋರ ಕಣ್ಣಿಗೇನು ಅದು ಬೀಳುತ್ತಿರಲಿಲ್ಲವೇ? ಬೀಳುತ್ತಿತ್ತು. ಅವರಿಗೂ ಊರಲ್ಲಿ ಬದುಕಬೇಕಲ್ಲ.

ಅವಳು ಜೋಳದ ರೊಟ್ಟಿ ಬಡಿದು ಬಸ್ ನಿಲ್ದಾಣದ ಹತ್ತಿರದ ಖಾನಾವಳಿಗೆ ಕೊಡುತ್ತಿದ್ದಳು. ಗಂಡ ಸತ್ತವಳು ಬಡಿದ ರೊಟ್ಟಿ ಯಾರ ಗಂಟಲಿಗೂ ಸಿಕ್ಕಿಕೊಳ್ಳಲಿಲ್ಲ.

ಹೀಗಿರುವಾಗ ಒಂದು ಸಂಜೆ ಅವಳು ತವರಿನ ತಾಮ್ರದ ಕೊಡ ಹಿಡಿದು ಬೋರಿಂಗಿಗೆ ನೀರಿಗೆ ಹೊರಟಳು. ಓಣಿಯ ತಿರುವಿನಲ್ಲಿ ಉಜ್ಜಿನಪ್ಪ ಸಾವ್ಕಾರ ಎದುರಾದ. ಶೇಂಗಾ ದಲಾಲಿ ಅಂಗಡಿಯವನು, ಎರಡಂತಸ್ತಿನ ಮನೆಯವನು, ಹಳೇ ಎಣ್ಣೆ ಮಿಲ್ಲಿನ ಗೋದಾಮಿನಲ್ಲಿ ನಡೆಯುವ ಇಸ್ಪೀಟು ಕ್ಲಬ್ಬಿಗೆ ದಿನವೂ ತಪ್ಪದೆ ಹೋಗುವವನು. ಅವಳನ್ನು ಕಂಡವನೇ ಕಾಲು ಕಿತ್ತಿಡದೆ ನಿಂತ. ಗಂಡ ಸತ್ತವಳು ಎದುರಿಗೆ, ಸಾಲದ್ದಕ್ಕೆ ಅವಳ ಕೈಯಲ್ಲಿ ಖಾಲಿ ಕೊಡ. "ಥೂ, ಇವತ್ತ ನನ್ನ ಕತಿ ಮುಗೀತು," ಎಂದು ಅವಳಿಗೆ ಕೇಳುವಂತೆಯೇ ಉಗಿದ. ತಿರುಗಿ ಮನೆಗೆ ಹೋಗಬೇಕೆಂದುಕೊಂಡನಂತೆ. ಆದರೆ ಹಡಗಲಿಯಿಂದ ದೊಡ್ಡ ಆಟಗಾರರು ಬಂದು ಕೂತಿದ್ದರು. ಚಟ ಶಕುನವನ್ನು ನುಂಗಿತು, ಹೋದ.

ಹೋದವನು ಗೆದ್ದ. ಎಂಥ ಗೆಲುವೆಂದರೆ ಹಡಗಲಿಯವರು ಬಸ್ಸಿನ ಚಾರ್ಜಿಗೆ ಅವನನ್ನೇ ಕೇಳಬೇಕಾಯಿತು. ಮರುದಿನ ಅವಳು ಎದುರಾಗಲಿಲ್ಲ, ಸೋತ. ಅದರ ಮರುದಿನ ಎದುರಾದಳು, ಗೆದ್ದ. ಉಜ್ಜಿನಪ್ಪ ಕ್ಲಬ್ಬಿನಲ್ಲಿ ಕಾಲು ಚಾಚಿ ಕೂತು ಎಲ್ಲರಿಗೂ ಬಿಡಿಸಿ ಹೇಳಿದ: "ಮದುವಿಗೆ ಯಾವುದು ಕೆಟ್ಟದ್ದೋ ಅದು ಇಸ್ಪೀಟಿಗೆ ಚೊಲೋ ನೋಡ್ರಪ. ಇದು ದೇವರ ಕೆಲಸ ಏನಲ್ಲಲ್ಲ, ಇದರ ಶಕುನಾನೂ ಉಲ್ಟಾ."

ನಗಬೇಡಿ. ಆ ಗೋದಾಮಿನಲ್ಲಿ ಯಾರಿಗೂ ನಗು ಬರಲಿಲ್ಲ. ಅಲ್ಲಿದ್ದ ಒಬ್ಬ ಬಟ್ಟೆ ವ್ಯಾಪಾರಿ ಬೆಕ್ಕು ಮರಿ ಹಾಕಿದಾಗ ಬೀಳುವ ಮಾಸನ್ನು ಒಣಗಿಸಿ ಅರಿಶಿಣದ ಬಟ್ಟೆಯಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡು ಬರುತ್ತಿದ್ದ. ಆ ವಾಸನೆಗೆ ಅವನ ಮಗ್ಗುಲಲ್ಲಿ ಕೂರುವವರೇ ಇರಲಿಲ್ಲ. ಲಾರಿ ಮೆಕ್ಯಾನಿಕ್ ಬಾಷಾ ಕುದುರೆ ಲಾಳ ಬಡಿಸಿ ಮಾಡಿಸಿದ ಕಬ್ಬಿಣದ ಉಂಗುರ ತೊಟ್ಟಿದ್ದ. ಬಾಗಿಲಲ್ಲಿ ಯಾರದೋ ಚಪ್ಪಲಿ ಮಗುಚಿ ಬಿದ್ದಿದ್ದರೆ ಆಟವೇ ನಿಲ್ಲುತ್ತಿತ್ತು. ಇವರೆಲ್ಲ ಹಗಲು ಹೊತ್ತಿನಲ್ಲಿ ಬುದ್ಧಿವಂತರೇ, ಒಂದು ಚೀಲ ಶೇಂಗಾವನ್ನು ಬರಿಗೈಯಲ್ಲಿ ಎತ್ತಿ ನೋಡಿ ತೂಕ ಹೇಳುವವರು. ಅಂಥವರಿಗೆ ಉಜ್ಜಿನಪ್ಪನ ಮಾತು ಸರಿಯೆನಿಸಿತು.

ಅವನೇ ಬಂದು ದಾಕ್ಷಾಯಣಮ್ಮನ ಹೊಸ್ತಿಲ ಹೊರಗೆ ನಿಂತ.

"ತಂಗಿ, ಒಂದು ಮಾತು ಕೇಳ್ತೀನಿ, ತಪ್ಪು ತಿಳಕೋಬ್ಯಾಡ್ರಿ. ದಿನಾ ಈ ಹೊತ್ತಿಗೆ ನೀರಿಗೆ ಬರ್ರಿ. ಕೊಡ ಖಾಲಿ ಇರಬೇಕು. ನಾ ಆ ಕಡಿಂದ ಬರ್ತೀನಿ, ನೀವು ಈ ಕಡಿಂದ ಬರ್ರಿ. ಇಷ್ಟ."

ಅರ್ಥವಾಗಲು ಅವಳಿಗೆ ಒಂದು ಗಳಿಗೆ ಬೇಕಾಯಿತು. ಆದಾಗ ಮೈಯೆಲ್ಲ ಉರಿಯಿತು.

"ಹೋಗ್ರಿ ಸಾವ್ಕಾರ್ರ! ನನ್ನ ಗಂಡ ಸತ್ತದ್ದು ನಿಮ್ಮ ಆಟಕ್ಕ ಏನ್ರಿ?" ಎಂದು ಬಾಗಿಲು ಬಡಿದಳು.

ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಮರುದಿನ ಒಂದು ಚೀಲ ಶೇಂಗಾ ಕಳಿಸಿದ. ಮತ್ತೆ ಬಂದ. ಬೇರೆಯವರನ್ನೂ ಕರೆದುಕೊಂಡು ಬಂದ. "ನಿಮ್ಮ ಕಾಲ್ಗುಣ ದೊಡ್ಡದೈತಿ ತಂಗಿ" ಎಂದ. ಗಂಡ ಸತ್ತ ಮೇಲೆ ಅವಳ ವಿಷಯದಲ್ಲಿ ಒಂದು ಒಳ್ಳೆಯ ಮಾತು ಆ ಊರಿನ ಬಾಯಿಂದ ಬಂದದ್ದು ಅದೇ ಮೊದಲು. ಅವಳು ಸೋತಳು. ಶೇಂಗಾಕ್ಕೆ ಸೋತಳೆಂದು ಯಾರಾದರೂ ಅಂದರೆ ಅವರ ನಾಲಿಗೆ ಬಿದ್ದುಹೋಗಲಿ, ಅವಳು ಸೋತದ್ದು ಒಳ್ಳೆಯ ಮಾತಿಗೆ.

ಸಂಜೆ ಅವಳು ಕೊಡ ಹಿಡಿದು ಹೊರಬೀಳುತ್ತಿದ್ದಳು. ಬೇವಿನ ಮರದ ಕೆಳಗೆ ಗಂಡಸರು ಕಾಯುತ್ತಿದ್ದರು. "ಬಂದ್ರು, ಬಂದ್ರು" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಎದುರೆದುರು ದಾಟುವಾಗ ಕೆಲವರು ಕೈಮುಗಿಯುವುದೂ ಇತ್ತು. ಬಾಷಾ ಮಾತ್ರ ತಲೆ ತಗ್ಗಿಸುತ್ತಿದ್ದ. ಒಮ್ಮೆ ಅವನು ಹಿಂದೆ ಉಳಿದು ಹೇಳಿದ: "ಅಕ್ಕಾರ, ನಿಮಗ ಬ್ಯಾಸರ ಆದ್ರ ಬರಬ್ಯಾಡ್ರಿ. ನಮ್ಮದೊಂದು ಹುಚ್ಚು. ನೀವ್ಯಾಕ ಅದಕ್ಕ ಸಿಗತೀರಿ?" ಅವಳು, "ಇರಲಿ ಬಿಡಪ್ಪ" ಅಂದಳು. ಬೇಸರವೇನೂ ಅವಳಿಗೆ ಆಗುತ್ತಿರಲಿಲ್ಲ. ಯಾರೋ ತನ್ನ ದಾರಿ ಕಾಯುತ್ತಾರೆಂಬುದು ಅವಳಿಗೆ ಸುಖವೇ ಆಗಿತ್ತು. ಸಂಜೆ ಮುಖ ತೊಳೆದು, ಹಣೆಗೆ ವಿಭೂತಿ ಎಳೆದುಕೊಂಡು, ಸೀರೆಯ ನೆರಿಗೆ ಸರಿ ಮಾಡಿಕೊಂಡು ಹೊರಡುವಳು.

ವಾಣಿಶ್ರೀಗೆ ಇದು ಗೊತ್ತಾದಾಗ ಅತ್ತಳು. ಆಗವಳು ಕಾಲೇಜು ಮುಗಿಸಿ ಕಾನ್ವೆಂಟಿನಲ್ಲಿ ಸಣ್ಣ ಮಕ್ಕಳಿಗೆ ಪಾಠ ಹೇಳುತ್ತಿದ್ದಳು.

"ಅವ್ವಾ, ಮಂದಿ ನಿನಗ ಇಸ್ಪೀಟು ರಾಣಿ ಅಂತಾರ. ನನಗ ತಲಿ ಎತ್ತಿ ತಿರುಗಾಕ ಆಗವಲ್ದು."

"ನಿಮ್ಮಪ್ಪ ಇದ್ದಾಗ ಬಾಗಿಲ ಹಾಕ್ಕೋ ಅಂತಿದ್ದ. ಇವರು ಬಾಗಿಲ ತಗದು ಬಾ ಅಂತಾರ. ಯಾವುದು ಚೊಲೋ ನೀನ ಹೇಳು."

ಮಗಳು ಎದ್ದಳು. ಒಳಗೆ ಹೋಗಿ ಪುಸ್ತಕ ಹಿಡಿದು ಕೂತಳು.

ವರ್ಷವೊಂದು ಕಳೆಯಿತು. ಒಂದು ಸೋಮವಾರ ಉಜ್ಜಿನಪ್ಪ ಹೆಂಡತಿ ಈರಕ್ಕನ ಸಮೇತ ಮನೆಗೆ ಬಂದ. ಈ ಸಲ ಹೊಸ್ತಿಲು ದಾಟಿ ಒಳಗೆ ಬಂದು ಕಂಬಳಿಯ ಮೇಲೆ ಕೂತ. ತಮ್ಮ ಮಗ ಅಮರೇಶನಿಗೆ ವಾಣಿಶ್ರೀಯನ್ನು ಕೇಳಲು ಬಂದಿದ್ದರು. ವರದಕ್ಷಿಣೆ ಬೇಡ, ಬಂಗಾರ ಬೇಡ, ಮದುವೆ ಖರ್ಚೆಲ್ಲ ತಮ್ಮದೇ. ಅಮರೇಶ ಒಳ್ಳೆಯ ಹುಡುಗ, ಇಸ್ಪೀಟಿನ ಎಲೆ ಮುಟ್ಟುವವನಲ್ಲ. ವಾಣಿಶ್ರೀ ಅಡುಗೆಮನೆಯ ಬಾಗಿಲ ಸಂದಿನಲ್ಲಿ ನಿಂತು ಕಣ್ಣರಳಿಸಿ ಕೇಳುತ್ತಿದ್ದಳು. ಆ ಹುಡುಗಿಗೆ ಅವನು ಮೊದಲೇ ಮನಸ್ಸಿಗೆ ಬಂದಿದ್ದನೆಂದು ತಾಯಿಗೆ ಆಗಲೇ ಗೊತ್ತಾಯಿತು.

"ನಂದೊಂದ ಮಾತೈತ್ರಿ ಅಣ್ಣಾರ," ಎಂದಳು ದಾಕ್ಷಾಯಣಮ್ಮ. "ಧಾರಿ ಎರಿಯಾಕ ಹಲವಾಗಲಿನ ನನ್ನ ಅಣ್ಣ, ಅತ್ತಿಗಿ ಅದಾರ. ಅದಕ್ಕ ನಾ ಕೈ ಹಾಕಂಗಿಲ್ಲ. ಆದ್ರ ಮಗಳ ಉಡಿ ನಾನ ತುಂಬಬೇಕು. ಇರಾಕಿ ಒಬ್ಬಾಕಿ. ನನ್ನ ಕೈಯಾರ ತುಂಬಿ ಕಳಸಬೇಕು."

ಈರಕ್ಕನ ಮುಖ ಸಣ್ಣದಾಯಿತು. ಉಡಿ ತುಂಬುವುದೆಂದರೆ ಹೆಣ್ಣಿನ ಸೆರಗಿಗೆ ಅಕ್ಕಿ, ಕೊಬ್ಬರಿ, ಅರಿಶಿಣದ ಕೊಂಬು ಹಾಕಿ ತುಂಬಿದ ಬಾಳು ಬಾಳೆಂದು ಹರಸುವುದು. ಅದು ಮುತ್ತೈದೆಯರ ಕೆಲಸ. ಅವಳು ಬಾಯಿ ತೆರೆಯುವ ಮೊದಲೇ ಉಜ್ಜಿನಪ್ಪ ಅಂದ: "ಅಷ್ಟ ಏನು? ತುಂಬ್ರಿ ತಂಗಿ. ಯಾರು ಬ್ಯಾಡಂತಾರ? ನಮಗ ನಿಮ್ಮ ಕಾಲ್ಗುಣ, ಕೈಗುಣ ಗೊತ್ತಿಲ್ಲೇನು?"

ಆ ಮಾತಿಗೆ ದಾಕ್ಷಾಯಣಮ್ಮ ಕಣ್ಣೀರು ಹಾಕಿದಳು. ಪಾಪ, ಅಷ್ಟು ದಿನದ ಮೇಲೆ ಬಂದ ಸಂತೋಷ, ಅದನ್ನು ಎರಡು ಸಲ ತಿರುಗಿಸಿ ನೋಡಲು ಅವಳಿಗೆ ಮನಸ್ಸಾಗಲಿಲ್ಲ.

ನಿಶ್ಚಯವಾದ ಮೇಲೆ ಉಜ್ಜಿನಪ್ಪ ಒಂದು ಕಟ್ಟಳೆ ಮಾಡಿದ. ಇನ್ನು ಮುಂದೆ ಅವಳು ಅವನೊಬ್ಬನ ಎದುರಿಗೆ ಬರಬೇಕು. ಉಳಿದವರು ಮಿಲ್ಲಿನ ಹಿಂದಿನ ದಾರಿ ಹಿಡಿದು ಕ್ಲಬ್ಬಿಗೆ ಹೋಗಬೇಕು. ಬೀಗತಿಯಾಗುವವಳು ಕಂಡಕಂಡವರ ಎದುರು ಕೊಡ ಹಿಡಿದು ತಿರುಗಿದರೆ ಮನೆತನಕ್ಕೆ ಕುಂದಲ್ಲವೇ? ಖಾನಾವಳಿಯ ಮುಂದೆ ಬಾಷಾ ಸಿಕ್ಕು, "ಅಕ್ಕಾರ, ಸಾವ್ಕಾರ ನಿಮ್ಮ ಮಾರಿ ಗುತ್ತಿಗಿ ಹಿಡದಾನ್ರಿ. ಮಗಳನ್ನ ಮನಿ ತುಂಬಿಸ್ಕೊಂಡ್ರ ಅದೃಷ್ಟ ಮನೀ ಬಿಟ್ಟು ಹೋಗಂಗಿಲ್ಲ ಅಂತ ಕ್ಲಬ್ಬಿನ್ಯಾಗ ಹೇಳ್ಯಾನ" ಎಂದ. ಅವನ ದನಿಯಲ್ಲಿ ಕುಹಕವಿರಲಿಲ್ಲ. ಎಚ್ಚರ ಹೇಳುತ್ತಿದ್ದ. ದಾಕ್ಷಾಯಣಮ್ಮ, "ಆಗಲಿ ಬಿಡಪ್ಪ, ಯಾವ ದಾರಿಲಿಂದ ಬಂದ್ರೇನು, ನನ್ನ ಮಗಳಿಗೆ ಮನಿ ಸಿಗತೈತಿ" ಎಂದು ರೊಟ್ಟಿ ಬುಟ್ಟಿ ಇಳಿಸಿದಳು.

ಮದುವೆಯ ತನಕ ಅವಳಿಗೆ ಒಂದೇ ಧ್ಯಾನ. ಸಂತೆಯಲ್ಲಿ ಒಂದೊಂದೇ ಕೊಬ್ಬರಿ ಬಟ್ಟಲನ್ನು ಬಡಿದು ನೋಡಿ ಆರಿಸಿದಳು. ಹುಳುಕಿಲ್ಲದ ಉತ್ತತ್ತಿ, ಬೆರಳುದ್ದದ ಅರಿಶಿಣದ ಕೊಂಬು, ಹಸಿರು ಬಳೆ, ಕುಪ್ಪಸಕ್ಕೆ ಒಂದು ರೇಷ್ಮೆ ಕಣ. ಅಕ್ಕಿಯನ್ನು ತಾನೇ ಆರಿಸಿ, ಮುರುಕು ನುಚ್ಚು ತೆಗೆದು ಇಡೀ ಕಾಳು ಮಾತ್ರ ಇಟ್ಟಳು. ಎಲ್ಲವನ್ನೂ ಹಸಿರು ವಸ್ತ್ರದಲ್ಲಿ ಗಂಟು ಕಟ್ಟಿ ಟ್ರಂಕಿನಲ್ಲಿಟ್ಟಳು. ಆಗಾಗ ಬಿಚ್ಚಿ ನೋಡಿ ಮತ್ತೆ ಕಟ್ಟುವಳು. ತವರಿನಿಂದ ತಾನು ತಂದ ತಾಮ್ರದ ಕೊಡವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಮಗಳ ಬಳುವಳಿಗೆಂದು ತೆಗೆದಿಟ್ಟಳು.

ಮದುವೆ ಹರಪನಹಳ್ಳಿಯ ಒಂದು ಕಲ್ಯಾಣ ಮಂಟಪದಲ್ಲಿ. ಈರಕ್ಕನ ತವರು ಅಲ್ಲೇ, ನೀಲಗುಂದ, ಬಾಗಳಿ ಕಡೆಯ ನೆಂಟರೆಲ್ಲ ನೆರೆದಿದ್ದರು. ಬೆಳಿಗ್ಗೆ ಹಂದರದ ಕೆಳಗೆ ಅಕ್ಕಿಕಾಳು ಬೀಳುವ ಹೊತ್ತಾದಾಗ ಉಜ್ಜಿನಪ್ಪ ಅವಳನ್ನು ಬದಿಗೆ ಕರೆದ. ಜರಿಯ ರುಮಾಲು ಸುತ್ತಿಕೊಂಡು ಬಹಳ ಲಕ್ಷಣವಾಗಿ ಕಾಣುತ್ತಿದ್ದ.

"ಬೀಗರ, ಒಂದೀಟು ಉಗ್ರಾಣದಾಗ ಕೂಡ್ರಿ. ಸಾಮಾನಿನ ಕಡೆ ನಿಗಾ ಇರಬೇಕು ನೋಡ್ರಿ, ಹೊರಗಿನ ಮಂದಿ ಭಾಳ ಅದಾರ."

ಉಗ್ರಾಣದ ಸಾಮಾನು ಕಾಯಲು ಬೇರೆ ಯಾರೂ ಇಲ್ಲವೇ ಎಂದು ಕೇಳುವಷ್ಟು ದಡ್ಡಿ ಅವಳಲ್ಲ. ಹೋಗಿ ಅಕ್ಕಿ ಚೀಲಗಳ ನಡುವೆ ಕೂತಳು. ಬ್ಯಾಂಡು ಜೋರಾದಾಗ ತಾಳಿ ಬಿತ್ತೆಂದು ತಿಳಿದುಕೊಂಡು, ಕೂತಲ್ಲಿಂದಲೇ ನಾಲ್ಕು ಅಕ್ಕಿಕಾಳನ್ನು ಬಾಗಿಲ ಕಡೆ ತೂರಿದಳು. ತಾಳಿ ನೋಡದಿದ್ದರೆ ಏನಾಯಿತು, ಉಡಿ ತುಂಬುತ್ತೇನಲ್ಲ ಎಂದು ಮಡಿಲಲ್ಲಿದ್ದ ಹಸಿರು ಗಂಟನ್ನು ಸವರಿಕೊಂಡಳು.

ಊಟವಾದ ಮೇಲೆ ಉಡಿ ತುಂಬುವ ಶಾಸ್ತ್ರ. ಸಂಜೆ ದೀಪ ಹಚ್ಚಿದ ಮೇಲೆ ಹೆಣ್ಣನ್ನು ಕರೆದುಕೊಂಡು ದಿಬ್ಬಣ ಕೊಟ್ಟೂರಿಗೆ ಹೊರಡುವುದು. ವಾಣಿಶ್ರೀಯನ್ನು ಮಣೆಯ ಮೇಲೆ ಕೂರಿಸಿದ್ದರು. ದಾಕ್ಷಾಯಣಮ್ಮ ಗಂಟು ಹಿಡಿದುಕೊಂಡು ಉಗ್ರಾಣದಿಂದ ಬಂದಳು. ಹೆಂಗಸರ ಗುಂಪು ಸದ್ದಿಲ್ಲದೆ ಸರಿಯಿತು. ಈರಕ್ಕ ಗಂಡನ ಮುಖ ನೋಡಿದಳು.

ಉಜ್ಜಿನಪ್ಪ ಅಡ್ಡ ಬಂದು ನಿಂತ. "ಅದನ್ನ ಈರಕ್ಕನ ಕೈಯಾಗ ಕೊಡ್ರಿ ಬೀಗರ. ಆಕಿ ತುಂಬ್ತಾಳ."

"ನೀವ ಒಪ್ಪಿದ್ರಲ್ರಿ ಅಣ್ಣಾರ."

"ಒಪ್ಪಿದ್ದೆ, ಇಲ್ಲಂತ ಯಾರಂದ್ರು? ಆದ್ರ ಇದು ಮದುವಿ ನೋಡ್ರಿ. ಹುಡುಗ, ಹುಡುಗಿ ಬಾಳ್ವಿ ಮಾಡೋದೈತಿ. ನಿಮ್ಮ ಮಗಳ ಚೊಲೋದು ನಿಮಗೂ ಬೇಕಲ್ಲ."

ಐನೋರು ಮೇಲಿನ ಫ್ಯಾನು ನೋಡುತ್ತ ಕೂತಿದ್ದರು. ಅಮರೇಶ ಬಾಸಿಂಗ ಬಿಚ್ಚುವುದರಲ್ಲಿ ಮಗ್ನನಾಗಿದ್ದ. ದಾಕ್ಷಾಯಣಮ್ಮ ಅವರಾರನ್ನೂ ನೋಡಲಿಲ್ಲ. ಅವಳು ಮಗಳನ್ನು ನೋಡಿದಳು. ವಾಣಿಶ್ರೀ ಒಂದು ಮಾತು ಆಡಿದ್ದರೆ ಸಾಕಿತ್ತು, ನಮ್ಮವ್ವನೇ ತುಂಬಲಿ ಅಂದಿದ್ದರೆ ಉಜ್ಜಿನಪ್ಪ ಅಷ್ಟು ಜನರೆದುರು ಬೇಡ ಅನ್ನಲಾರದೆ ಹೋಗುತ್ತಿದ್ದ. ವಾಣಿಶ್ರೀ ತಾಯಿಯ ಕಡೆ ಒಮ್ಮೆ ನೋಡಿದಳು. ಆಮೇಲೆ ಅತ್ತೆಯ ಕಡೆ ತಿರುಗಿ ಸೆರಗು ಹಿಡಿದಳು.

ಈರಕ್ಕ ತಮ್ಮ ಅಂಗಡಿಯ ಅಕ್ಕಿ, ತಮ್ಮ ಅಂಗಡಿಯ ಕೊಬ್ಬರಿ ಹಾಕಿ ಉಡಿ ತುಂಬಿದಳು. ದಾಕ್ಷಾಯಣಮ್ಮನ ಗಂಟು ದಾಕ್ಷಾಯಣಮ್ಮನ ಕೈಯಲ್ಲೇ ಉಳಿಯಿತು. ಆ ಗಂಟನ್ನು ಕೇಳುವ ನೆನಪೂ ಯಾರಿಗೂ ಆಗಲಿಲ್ಲ.

ಅವಳು ಮತ್ತೆ ಉಗ್ರಾಣಕ್ಕೆ ಹೋದಳು. ಅಳು ಬರಲಿಲ್ಲ. ಕುಡಿಯುವ ನೀರಿಗಾಗಿ ಸುತ್ತಲೂ ನೋಡಿದಳು. ಅವಳ ತಾಮ್ರದ ಕೊಡ ಬಳುವಳಿ ಸಾಮಾನಿನ ನಡುವೆ ನೀರು ತುಂಬಿಕೊಂಡು, ಬಾಯಿಗೆ ಎಲೆ ಕಟ್ಟಿಸಿಕೊಂಡು ಕೂತಿತ್ತು.

ಬಿಸಿಲಿಳಿಯುವ ಹೊತ್ತಿಗೆ ಮಂಟಪದ ಮೇಲಿನ ಕೋಣೆಯಲ್ಲಿ ಜಮಖಾನ ಹಾಸಿದರು. ದಿಬ್ಬಣ ಹೊರಡುವ ತನಕ ಗಂಡಸರಿಗೆ ಹೊತ್ತು ಹೋಗಬೇಕಲ್ಲ. ಈರಕ್ಕನ ತವರಿನವರು, ದಾವಣಗೆರೆಯಿಂದ ಬಂದ ವ್ಯಾಪಾರಿಗಳು, ಎಲ್ಲ ದೊಡ್ಡ ಪಣಕ್ಕೇ ಕೂರುವವರು. ಇಷ್ಟು ದೊಡ್ಡ ಆಟ ಉಜ್ಜಿನಪ್ಪನಿಗೆ ಕೊಟ್ಟೂರಿನಲ್ಲಿ ಸಿಕ್ಕಿರಲಿಲ್ಲ. ಅವನು ಉಗ್ರಾಣದ ಬಾಗಿಲಿಗೆ ಬಂದ. ಒಳಗೆ ಬಗ್ಗಿ ತಾಮ್ರದ ಕೊಡ ಎತ್ತಿ, ಎಲೆ ಕಿತ್ತು ಹಾಕಿ, ನೀರನ್ನು ಮೋರಿಗೆ ಸುರುವಿದ. ಖಾಲಿ ಕೊಡವನ್ನು ಅವಳ ಮುಂದಿಟ್ಟ.

"ಬೀಗರ, ಲಗೂನ ಒಂದೀಟು ಎದುರಿಗೆ ಬಂದು ಹೋಗ್ರಿ. ನಾ ಮೆಟ್ಟಿಲ ಹತ್ರ ನಿಂತಿರ್ತೀನಿ."

ಅವನ ಮುಖದಲ್ಲಿ ನಾಚಿಕೆಯ ಒಂದು ಗೆರೆಯಾದರೂ ಇದೆಯೇನೋ ಎಂದು ಅವಳು ಹುಡುಕಿದಳು. ಇರಲಿಲ್ಲ. ಬೆಳಿಗ್ಗೆ ಮುಚ್ಚಿಟ್ಟದ್ದೂ ಸಂಜೆ ಬೇಕಾದದ್ದೂ ಒಂದೇ ಮುಖವೆಂಬುದು ಆ ಮನುಷ್ಯನ ತಲೆಗೆ ಹೊಳೆದೇ ಇರಲಿಲ್ಲ. ಅವನು ಕೇಡಿಗನಾಗಿದ್ದರೆ ಅವಳಿಗೆ ಇಷ್ಟು ಉರಿಯುತ್ತಿರಲಿಲ್ಲವೇನೋ.

"ನಡೀರಿ, ಬರ್ತೀನಿ," ಎಂದಳು.

ನಲ್ಲಿಯ ಕೆಳಗೆ ಕೊಡ ಹಿಡಿದು ಕಂಠದ ತನಕ ತುಂಬಿದಳು. ಆರತಿ ತಟ್ಟೆ ಉಗ್ರಾಣದಲ್ಲೇ ಇತ್ತು. ಕುಂಕುಮವನ್ನು ನಾಲ್ಕು ಬೆರಳಿಂದ ತೆಗೆದು ವಿಭೂತಿಯ ಮೇಲೆ ಹಣೆ ತುಂಬ ಒತ್ತಿಕೊಂಡಳು. ತುಂಬಿದ ಕೊಡವನ್ನು ಸೊಂಟಕ್ಕಿಟ್ಟು, ಗೋಡೆ ಬದಿಗೆ ಹೋಗದೆ ಅಂಗಳದ ನಟ್ಟನಡುವೆ ನಡೆದು ಬಂದಳು.

ಮೆಟ್ಟಿಲ ಬಳಿ ಕೈಮುಗಿದು ನಿಂತಿದ್ದ ಉಜ್ಜಿನಪ್ಪ ಹಾವು ತುಳಿದವನಂತೆ ಹಿಂದಕ್ಕೆ ಹಾರಿದ. ಮುತ್ತೈದೆಯ ಹಣೆ, ತುಂಬಿದ ಕೊಡ. ಅವನ ಲೆಕ್ಕದಲ್ಲಿ ಇಸ್ಪೀಟಿಗೆ ಇದಕ್ಕಿಂತ ಕೆಟ್ಟ ಶಕುನ ಇನ್ನೊಂದಿಲ್ಲ. ಹೆಂಗಸರು, "ಶಿವಶಿವಾ, ಈಕಿಗೇನು ಹುಚ್ಚು ಹಿಡೀತಾ?" ಎಂದು ಬಾಯಿ ಮೇಲೆ ಕೈಯಿಟ್ಟರು. ಬಾಷಾ ಬಂದವರ ನಡುವೆ ನಿಂತಿದ್ದವನು ಉಂಗುರದ ಕೈಯನ್ನು ಜೇಬಿಗೆ ಹಾಕಿಕೊಂಡ.

"ಏನ್ ಮಾಡಿದ್ರಿ ಇದು! ನನ್ನ ಆಟ ಕೆಡಿಸಿದ್ರಲ್ಲ!" ಎಂದ ಉಜ್ಜಿನಪ್ಪ.

"ಯಾಕ್ರಿ ಅಣ್ಣಾರ? ಮದುವಿಮನಿ ಅಂತ ಚೊಲೋ ಶಕುನ ತಂದೀನಿ," ಎಂದಳು ದಾಕ್ಷಾಯಣಮ್ಮ. "ಮಗಳ ಉಡಿಗೆ ಬ್ಯಾಡಾದ ಮಾರಿ ನಿಮ್ಮ ಎಲಿಗೆ ಹೆಂಗ ಬೇಕಾತು? ಅದನ್ನೀಟು ಈ ಮಂದಿ ಮುಂದ ಹೇಳ್ರಿ."

ಉಜ್ಜಿನಪ್ಪ ಮತ್ತೊಂದು ಹೆಜ್ಜೆ ಹಿಂದೆ ಸರಿದ. ಆ ಒಂದು ಗಳಿಗೆ ಅವಳಿಗೆ ಹಗುರವಾಯಿತು, ನಿಜವಾಗಿ ಹಗುರವಾಯಿತು. ಇಡೀ ಜನ್ಮದಲ್ಲಿ ಅವಳು ಒಬ್ಬ ಗಂಡಸನ್ನು ಹಿಂದಕ್ಕೆ ಹೆಜ್ಜೆಯಿಡಿಸಿದ್ದು ಅದೊಂದೇ ಸಲ. ಕೊಡ ಇಳಿಸದೆ ಹಾಗೆಯೇ ಉಗ್ರಾಣಕ್ಕೆ ಮರಳಿದಳು.

ಅಂಗಳದಲ್ಲಿ ಉಜ್ಜಿನಪ್ಪನ ಕೂಗಾಟ ಏಳುತ್ತಿದ್ದುದು ಅವಳಿಗೆ ಕೇಳುತ್ತಿತ್ತು. "ಶಕುನ ಕೆಟ್ಟೈತಿ. ಹಿಂಗ ಕೆಟ್ಟ ಶಕುನದಾಗ ನಾ ಹೆಣ್ಣು ಮನಿ ತುಂಬಿಸ್ಕೊಳ್ಳಂಗಿಲ್ಲ. ದಿಬ್ಬಣ ಹೊಂಡಲಿ, ಆಕಿ ಅವರವ್ವನ ಕೂಡ ಇರಲಿ. ಆಮ್ಯಾಲ ನೋಡೋಣು." ಅಮರೇಶ, "ಅಪ್ಪಾ, ಆಕೀದು ಏನ್ ತಪ್ಪೈತಿ?" ಎಂದದ್ದೂ ಕೇಳಿಸಿತು. ಅದಾದ ಮೇಲೆ ಅವನ ದನಿ ಕೇಳಿಸಲಿಲ್ಲ.

ಸ್ವಲ್ಪ ಹೊತ್ತಿಗೆ ಉಗ್ರಾಣದ ಬಾಗಿಲು ತೆರೆಯಿತು. ವಾಣಿಶ್ರೀ ಒಳಗೆ ಬಂದು ಬಾಗಿಲು ಮುಂದಕ್ಕೆ ಎಳೆದುಕೊಂಡಳು. ಧಾರೆ ಸೀರೆಯಲ್ಲೇ ಇದ್ದಳು. ಕಣ್ಣ ಕಾಡಿಗೆ ಕೆನ್ನೆಗಿಳಿದಿತ್ತು. ಅವಳು ತಾಯಿಯ ಹಣೆ ನೋಡಿದಳು, ನೋಡಿ ಮುಖ ತಿರುಗಿಸಿದಳು. ಕೊಡದ ಹತ್ತಿರ ಹೋಗಿ, ಬಗ್ಗಿಸಿ, ನೀರನ್ನು ನಿಧಾನವಾಗಿ ಮೋರಿಗೆ ಬಿಟ್ಟಳು. ಕೊನೆಯ ಹನಿ ಬೀಳುವ ತನಕ ಹಿಡಿದೇ ಇದ್ದಳು.

"ಅವ್ವಾ, ಮಾವಾರು ಹೇಳಿ ಕಳಿಸ್ಯಾರ. ಹಣಿ ಒರಸ್ಕೊಂಡು ಒಂದ ಸಲ ಎದುರಿಗೆ ಬಂದು ಹೋದ್ರ ಎಲ್ಲಾ ಸರಿ ಹೋಗತೈತಂತ. ಇಲ್ಲಾಂದ್ರ ನನ್ನ ಇಲ್ಲೇ ಬಿಟ್ಟು ಹೋಗ್ತಾರಂತ."

"ಹೋಗಲಿ. ಮನಿಗೆ ಹೋಗೋಣು ನಡಿ."

"ನಿನ್ನಂಗ ಬಾಳಾಕ ನನಗ ಆಗಂಗಿಲ್ಲವ್ವ!" ವಾಣಿಶ್ರೀ ಅಂದಳು. ಅಂದ ಮೇಲೆ ತಾನೇ ಹೆದರಿದಳು. ದನಿ ಇಳಿಸಿ, "ತಾಳಿ ಕಟ್ಟಿಸ್ಕೊಂಡು ವಾಪಸ್ ಬಂದಾಕಿ ಅಂತ ನನ್ನ ಮಾರೀನೂ ಯಾರೂ ನೋಡಂಗಿಲ್ಲ. ಇಷ್ಟ ಮಾಡು. ಸೆರಗೊಡ್ಡಿ ಬೇಡ್ಕೋತೀನಿ," ಎಂದು ಎರಡೂ ಕೈಯಿಂದ ಸೆರಗು ಹಿಡಿದು ತಾಯಿಯ ಮುಂದೆ ಚಾಚಿದಳು.

ದಾಕ್ಷಾಯಣಮ್ಮ ಆ ಸೆರಗನ್ನು ನೋಡಿದಳು. ಮಧ್ಯಾಹ್ನ ಅಷ್ಟು ಜನರ ನಡುವೆ ತನ್ನ ಕಡೆ ತಿರುಗದ ಸೆರಗು. ಹಸಿರು ಗಂಟು ಅಕ್ಕಿ ಚೀಲದ ಮೇಲಿತ್ತು. ಅವಳು ಅದನ್ನು ತೆಗೆದುಕೊಂಡು ಬಿಚ್ಚಿದಳು. ಮೊದಲು ಅಕ್ಕಿ ಹಾಕಿದಳು, ಆಮೇಲೆ ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣದ ಕೊಂಬು, ಬಳೆ, ಕಣ. ಮಗಳಿಗೆ ಏನಾಗುತ್ತಿದೆಯೆಂದು ಮೊದಲು ತಿಳಿಯಲಿಲ್ಲ. ತಿಳಿದಾಗ ಬಿಕ್ಕಲು ಶುರು ಮಾಡಿದಳು. ಆದರೂ ಸೆರಗು ಬಿಡಲಿಲ್ಲ. ತಾಯಿಯ ಬಾಯಲ್ಲಿ ಹರಕೆಯ ಮಾತು ಬರಬೇಕಿತ್ತು. ಇಷ್ಟು ತಿಂಗಳು ಮನಸ್ಸಿನಲ್ಲೇ ಹೇಳಿಕೊಂಡು ಇಟ್ಟಿದ್ದ ಮಾತು, ಈಗ ಬರಲಿಲ್ಲ. ಸೆರಗಿನ ತುದಿಯನ್ನು ಮಗಳ ಸೊಂಟಕ್ಕೆ ಸಿಕ್ಕಿಸಿ, "ಚೆಲ್ಲಬ್ಯಾಡ," ಅಂದಳಷ್ಟೇ.

ಆಮೇಲೆ ತನ್ನ ಸೆರಗಿನಿಂದ ಹಣೆ ಒರೆಸಿಕೊಂಡಳು. ಖಾಲಿ ಕೊಡವನ್ನು ಸೊಂಟಕ್ಕಿಟ್ಟು ಹೊರಗೆ ಬಂದಳು.

ಮೆಟ್ಟಿಲ ಬಳಿ ಉಜ್ಜಿನಪ್ಪ ಕಾಯುತ್ತಿದ್ದ. ಸಿಟ್ಟೆಲ್ಲ ಇಳಿದು ಮುಖ ಮೆತ್ತಗಾಗಿತ್ತು. ಅವಳು ಎದುರಿಗೆ ನಡೆದು ಬಂದಳು. ಅವನು ಕೈ ಮುಗಿಯಲು ಹೋದವನು ತಡೆದು, ಕತ್ತು ಮುಂದೆ ಮಾಡಿ ಅವಳ ಹಣೆಯನ್ನು ಕಣ್ಣು ಕಿರಿದು ಮಾಡಿ ನೋಡಿದ.

"ಇನ್ನೂ ಕೆಂಪೈತ್ರಿ ಬೀಗರ," ಎಂದ, ಬಹಳ ಮರ್ಯಾದೆಯಿಂದ. "ಒಂದೀಟು ನೀರು ಹಚ್ಚಿ ಸ್ವಚ್ಛ ಒರಸ್ಕೊಂಡು ಬರ್ರಿ. ನಾ ಇಲ್ಲೇ ನಿಂತಿರ್ತೀನಿ."

ಅವಳು ತಿರುಗಿ ನಲ್ಲಿಯ ಹತ್ತಿರ ಹೋದಳು. ಸೆರಗು ತೋಯಿಸಿ ಹಣೆ ತಿಕ್ಕಿದಳು. ಕುಂಕುಮದ ಜೊತೆ ವಿಭೂತಿಯೂ ಹೋಯಿತು. ಉಗ್ರಾಣದ ಬಾಗಿಲಲ್ಲಿ ಮಗಳು ತುಂಬಿದ ಉಡಿ ಹಿಡಿದುಕೊಂಡು ನಿಂತಿದ್ದಳು. ದಾಕ್ಷಾಯಣಮ್ಮ ಕೊಡ ಎತ್ತಿಕೊಂಡು ಮತ್ತೊಮ್ಮೆ ಮೊದಲಿನಿಂದ ನಡೆದು ಬಂದಳು.